ಪಿಕಪ್ ಗಾಡಿಗೆ ಎಷ್ಟು ಕರೆಂಟು ಬೇಕು?

ಪ್ರಶ್ನೆ: ನಾವು ಮೂವರು ಗೆಳೆಯರು ಹಳೆಯ ಪಿಕಪ್ ಗಾಡಿಗೆ ಮೇಲ್ಛಾವಣಿ ಕಟ್ಟಿಸಿ, ಒಳಗೆ ಮಲಗಲು ಹಲಗೆ ಹಾಕಿಸಿದ್ದೇವೆ. ಸೂಳೆಕೆರೆ, ತೀರ್ಥರಾಮೇಶ್ವರ, ಅಲ್ಲಿಂದ ಮಲೆನಾಡು ಎಂದು ನಾಲ್ಕೈದು ದಿನ ತಿರುಗುವ ಆಸೆ. ಕರೆಂಟಿಗೆ ಏನು ಮಾಡುವುದು? ಒಬ್ಬ ಜನರೇಟರ್ ಅನ್ನುತ್ತಾನೆ, ಇನ್ನೊಬ್ಬ ಮನೆಯ ಯುಪಿಎಸ್ ಬ್ಯಾಟರಿಯನ್ನೇ ಎತ್ತಿಟ್ಟುಕೊಳ್ಳೋಣ ಅನ್ನುತ್ತಾನೆ. ನನಗೆ ಸೋಲಾರ್ ಮೇಲೆ ಮನಸ್ಸು.
– ಓದುಗರೊಬ್ಬರು, ಬಿಳಿಚೋಡು

ಉತ್ತರ: ಮೂವರೂ ಅಂಗಡಿಯಿಂದ ಶುರು ಮಾಡಿದ್ದೀರಿ. ಖರ್ಚಿನಿಂದ ಶುರು ಮಾಡಿದ್ದರೆ ಜಗಳವೇ ಇರುತ್ತಿರಲಿಲ್ಲ.

ನಿಮ್ಮ ಜಗಳೂರು ಸೀಮೆಯ ಕುರಿಗಾಹಿಗಳು ಮೇವು ಒಣಗಿದಾಗ ಮಂದೆ ಹೊಡೆದುಕೊಂಡು ಭದ್ರಾ ನಾಲೆಯ ಗದ್ದೆ ಬಯಲಿಗೆ ಇಳಿಯುವುದನ್ನು ನೋಡಿಯೇ ಇರುತ್ತೀರಿ. ವಾರಗಟ್ಟಲೆ ಹೊಲದಲ್ಲೇ ವಾಸ. ಅವರಿಗೆ ಬೇಕಾದ ಕರೆಂಟು ಎರಡೇ ಕೆಲಸಕ್ಕೆ: ರಾತ್ರಿ ಮಂದೆಯ ಮೇಲೆ ಬೆಳಕು ಬಿಡಲು, ಊರಿಗೊಂದು ಫೋನು ಮಾಡಲು. ಕರೆಂಟಿಲ್ಲದ ಕಡೆ ಬದುಕುವುದರಲ್ಲಿ ಅವರೇ ನಮಗೆ ಹಿರಿಯರು. ಬೆಂಗಳೂರಿನಲ್ಲಿ 1995ರಲ್ಲಿ ಹರೀಶ್ ಹಂದೆಯವರು ಕಟ್ಟಿದ ಸೆಲ್ಕೋ ಸೋಲಾರ್ ಕಂಪನಿಯ ದಾರಿಯೂ ಇದೇ. ಯಾರಿಗೆ, ಯಾವ ಹೊತ್ತಿನಲ್ಲಿ, ಎಷ್ಟು ಬೆಳಕು ಬೇಕು ಎಂದು ಕೇಳಿದ ಮೇಲೆಯೇ ಪ್ಯಾನೆಲ್ಲಿನ ಮಾತು. ಹಾಗಾಗಿಯೇ ರಸ್ತೆಬದಿಯ ವ್ಯಾಪಾರಿಗಳಿಗೆ ಇಡೀ ಸೋಲಾರ್ ಮಾರುವ ಬದಲು, ಹಗಲು ಚಾರ್ಜ್ ಮಾಡಿದ ಬ್ಯಾಟರಿಯನ್ನು ಸಂಜೆ ಬಾಡಿಗೆಗೆ ಕೊಡುವ ಏರ್ಪಾಡು ಹುಟ್ಟಿತು.

ಈಗ ನಿಮ್ಮ ಲೆಕ್ಕ. 5 ವಾಟಿನ ಎರಡು ಎಲ್‌ಇಡಿ ಬಲ್ಬು, ಐದು ಗಂಟೆ: 50 ವಾಟ್-ಗಂಟೆ. ಮೂರು ಮೊಬೈಲು: ಹೆಚ್ಚೆಂದರೆ 75. 12 ವೋಲ್ಟಿನ 20 ವಾಟ್ ಫ್ಯಾನು, ಎಂಟು ಗಂಟೆ: 160. ಹಾಡು ಕೇಳಲು ಒಂದಿಷ್ಟು ಸೇರಿಸಿದರೂ ದಿನಕ್ಕೆ 300 ಸುಮಾರು, ಅಂದರೆ ಕಾಲು ಯೂನಿಟ್ಟಿಗಿಂತ ತುಸು ಹೆಚ್ಚು. ಮನೆಯ 750 ವಾಟಿನ ಮಿಕ್ಸಿ ಅರ್ಧ ಗಂಟೆ ಓಡಿದರೆ ಇದಕ್ಕಿಂತ ಹೆಚ್ಚು ತಿನ್ನುತ್ತದೆ. ಇಂಡಕ್ಷನ್ ಒಲೆ, ನೀರು ಕಾಯಿಸುವ ಕೆಟಲ್ ಪಟ್ಟಿಗೆ ಬಂದರೆ ಮಾತ್ರ ಈ ಲೆಕ್ಕವೆಲ್ಲ ತಲೆಕೆಳಗು. ಅಡುಗೆಗೆ ಸಣ್ಣ ಗ್ಯಾಸ್ ಸಿಲಿಂಡರ್ ಇರಲಿ. ಬ್ಯಾಟರಿಯಿಂದ ಅನ್ನ ಬೇಯಿಸುವುದು ದುಬಾರಿ ಹುಚ್ಚು.

ಯುಪಿಎಸ್ ಬ್ಯಾಟರಿಯನ್ನು ಎತ್ತುವ ಗೆಳೆಯನಿಗೆ ಮೊದಲು ಅದನ್ನು ನಿಜವಾಗಿ ಎತ್ತಲು ಹೇಳಿ. 150 ಆಂಪಿಯರ್-ಗಂಟೆಯ ಟ್ಯೂಬುಲರ್ ಬ್ಯಾಟರಿ ಆ್ಯಸಿಡ್ ಸೇರಿ 50 ಕಿಲೋ ಮೀರುತ್ತದೆ. ಗುಂಡಿ ರಸ್ತೆಯಲ್ಲಿ ಆ್ಯಸಿಡ್ ತುಳುಕುತ್ತದೆ, ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತದೆ. ಅದರ ಪಕ್ಕದಲ್ಲಿ ಮಲಗುವುದು ಬೇಡ. ಅದರಲ್ಲಿರುವುದನ್ನು ಅರ್ಧಕ್ಕಿಂತ ಹೆಚ್ಚು ಪದೇಪದೇ ಬಳಸಿದರೆ ಆಯುಷ್ಯವೂ ಕುಗ್ಗುತ್ತದೆ. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಗೆ ಕೈಯಿಂದ ಹೋಗುವ ಹಣ ಹೆಚ್ಚು, ಆದರೆ ನೂರರಲ್ಲಿ ಎಂಬತ್ತು ಪಾಲು ನಿಶ್ಚಿಂತೆಯಿಂದ ಬಳಸಬಹುದು. 50 ಆಂಪಿಯರ್-ಗಂಟೆಯದು ಸಾಕು. ಅದರಲ್ಲಿ 640 ವಾಟ್-ಗಂಟೆ ಹಿಡಿಯುತ್ತದೆ, ಒಂದೂವರೆ ದಿನಕ್ಕೆ ಧಾರಾಳ. ಅದಕ್ಕೆ ಆಗದ್ದು ಬಿಸಿಲು. ಮಾರ್ಚ್ ಮಧ್ಯಾಹ್ನ ಮುಚ್ಚಿದ ಗಾಡಿಯೊಳಗೆ ಅದನ್ನು ಬಿಟ್ಟುಹೋಗಬೇಡಿ.

ಸೋಲಾರ್ ಬಗ್ಗೆ ನಿಮ್ಮ ಮನಸ್ಸು ಸರಿಯಾದ ಕಡೆಯೇ ಇದೆ. ಮಳೆ ಕಡಿಮೆ, ಬಿಸಿಲು ಧಾರಾಳ ಎಂದೇ ಪಾವಗಡದಲ್ಲಿ 2,050 ಮೆಗಾವಾಟಿನ ಸೋಲಾರ್ ಪಾರ್ಕ್ ಎದ್ದಿತು. ನಿಮ್ಮ ತಾಲೂಕಿಗೂ ಅದೇ ಬಯಲುಸೀಮೆಯ ನಂಟು. 100 ವಾಟಿನ ಪ್ಯಾನೆಲ್ ಇಲ್ಲಿಯ ಬೇಸಿಗೆಯಲ್ಲಿ ದಿನಕ್ಕೆ ಸುಮಾರು 400 ವಾಟ್-ಗಂಟೆ ಕೊಡುತ್ತದೆ. ಆದರೆ ಒಂದು ಪೇಚಿದೆ. ಮನುಷ್ಯನಿಗೆ ಬೇವಿನ ಮರದ ನೆರಳು ಬೇಕು, ಪ್ಯಾನೆಲ್ಲಿಗೆ ಬಿಸಿಲು ಬೇಕು. ಒಂದು ಮೂಲೆಯ ಮೇಲೆ ಕೊಂಬೆಯ ನೆರಳು ಬಿದ್ದರೂ ಸಾಕು, ಕರೆಂಟು ಅರ್ಧಕ್ಕರ್ಧ ಕುಸಿಯಬಹುದು. ಆದ್ದರಿಂದ ಪ್ಯಾನೆಲ್ಲನ್ನು ಗಾಡಿಯ ನೆತ್ತಿಗೆ ಬಿಗಿಯಬೇಡಿ. ದಪ್ಪ ತಂತಿ ಹತ್ತು ಮೀಟರ್ ಇಟ್ಟುಕೊಂಡು, ಗಾಡಿ ನೆರಳಲ್ಲಿ, ಪ್ಯಾನೆಲ್ ಬಿಸಿಲಲ್ಲಿ ಇರುವಂತೆ ನೋಡಿಕೊಳ್ಳಿ.

ಮಲೆನಾಡಿನ ಮೋಡದಲ್ಲಿ ಸೋಲಾರ್ ಕೈಕೊಡುತ್ತದೆ. ಆಗ ಆಸರೆ ಜನರೇಟರ್ ಅಲ್ಲ, ಗಾಡಿಯ ಎಂಜಿನ್. ಅದು ಹೇಗೂ ಓಡುತ್ತಿರುತ್ತದೆ! ಆಲ್ಟರ್ನೇಟರಿಗೂ ನಿಮ್ಮ ಎರಡನೇ ಬ್ಯಾಟರಿಗೂ ನಡುವೆ 20 ಆಂಪಿಯರಿನ ಡಿಸಿ-ಡಿಸಿ ಚಾರ್ಜರ್ ಹಾಕಿಸಿದರೆ ಗಂಟೆಗೆ ಸುಮಾರು 250 ವಾಟ್-ಗಂಟೆ ತುಂಬುತ್ತದೆ. ಬಿಳಿಚೋಡಿನಿಂದ ಸೂಳೆಕೆರೆ ಮುಟ್ಟುವಷ್ಟರಲ್ಲಿ ಹಿಂದಿನ ರಾತ್ರಿಯ ಸಾಲ ತೀರಿರುತ್ತದೆ. ಚಾರ್ಜರ್ ಉಳಿಸುವ ಆಸೆಗೆ ಗಾಡಿಯ ಬ್ಯಾಟರಿಗೇ ನೇರ ಕೈಹಾಕಬೇಡಿ. ನಾನೊಮ್ಮೆ ಹಾಗೆ ರಾತ್ರಿಯಿಡೀ ಬಲ್ಬು ಉರಿಸಿ, ಬೆಳಿಗ್ಗೆ ಏರಿನ ರಸ್ತೆಯಲ್ಲಿ ಜೀಪು ತಳ್ಳಿದವನು. ಗಾಡಿಯ ಬ್ಯಾಟರಿ ಇರುವುದು ಎಂಜಿನ್ನಿಗೆ ಒಂದೇ ಏಟಿಗೆ ಬಲ ಕೊಡಲು, ರಾತ್ರಿ ಕಾಯಲು ಅಲ್ಲ.

ಜನರೇಟರಿಗೆ ಮದುವೆ ಮನೆಯಲ್ಲಿ ಜಾಗವಿದೆ, ನಿಮ್ಮ ಗಾಡಿಯಲ್ಲಿಲ್ಲ. ಕಾಲು ಯೂನಿಟ್ಟಿಗಾಗಿ ಇಡೀ ಕೆರೆದಂಡೆಯ ನಿದ್ದೆ ಕೆಡಿಸಬೇಕೆ? ಕೊಂಡೊಯ್ದೇ ತೀರುತ್ತೇವೆ ಎಂದರೂ ಗಾಡಿಯೊಳಗೆ, ಗುಡಾರದ ಬಾಯಿಗೆ ಇಟ್ಟು ಓಡಿಸಬೇಡಿ. ಅದರ ಹೊಗೆಯ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ, ಬಣ್ಣವಿಲ್ಲ, ಮಲಗಿದವರು ಏಳುವುದಿಲ್ಲ. ರಂಗಯ್ಯನದುರ್ಗದಂಥ ಅಭಯಾರಣ್ಯದ ಕಡೆಗಂತೂ ಅದರ ಯೋಚನೆಯೇ ಬೇಡ; ಅಲ್ಲಿ ಕಾಲಿಡುವುದಕ್ಕೇ ಅರಣ್ಯ ಇಲಾಖೆಯ ಅನುಮತಿ ಬೇಕು.

ಇನ್ವರ್ಟರ್ ಕೊಳ್ಳುವ ಮೊದಲೂ ಯೋಚಿಸಿ. ಬಲ್ಬು, ಫ್ಯಾನು, ಮೊಬೈಲ್ ಚಾರ್ಜರ್ ಎಲ್ಲವೂ 12 ವೋಲ್ಟಿನಲ್ಲೇ ನಡೆಯುತ್ತವೆ. ಇನ್ವರ್ಟರ್ ಸುಮ್ಮನೆ ಆನ್ ಆಗಿದ್ದರೂ ಗಂಟೆಗೆ ಹತ್ತಿಪ್ಪತ್ತು ವಾಟ್-ಗಂಟೆ ನುಂಗುತ್ತದೆ, ರಾತ್ರಿಯಿಡೀ ಅಂದರೆ ಒಂದು ಫ್ಯಾನಿನ ಪಾಲು. ಬ್ಯಾಟರಿಯ ಪ್ಲಸ್ ತುದಿಗೆ ಅಂಟಿಕೊಂಡಂತೆ ಒಂದು ಫ್ಯೂಸ್ ಮರೆಯಬೇಡಿ. ಗಾಡಿ ಅಲುಗಿ ತಂತಿ ಸವೆದು ಶಾರ್ಟ್ ಆದರೆ ಹಲಗೆಗೆ ಬೆಂಕಿ ಹತ್ತಲು ತಡವಿಲ್ಲ.

ಎಲ್ಲ ಜೋಡಿಸಿದ ಮೇಲೆ ಹೊರಡುವ ಮುಂಚೆ ಒಂದು ರಾತ್ರಿ ನಿಮ್ಮದೇ ಕಣದಲ್ಲಿ ಗಾಡಿ ನಿಲ್ಲಿಸಿ ಮಲಗಿ. ಬೆಳಿಗ್ಗೆ ಎಷ್ಟು ಉಳಿದಿದೆ ನೋಡಿ. ವೋಲ್ಟ್ ನೋಡಿ ಮೋಸಹೋಗಬೇಡಿ. ಲಿಥಿಯಂ ಬ್ಯಾಟರಿ ಅರ್ಧ ಮುಗಿದಾಗಲೂ 13 ವೋಲ್ಟಿನ ಆಸುಪಾಸಿನಲ್ಲೇ ತೋರಿಸುತ್ತಿರುತ್ತದೆ. ಒಳಬಂದ, ಹೊರಹೋದ ಕರೆಂಟನ್ನು ಎಣಿಸಿಡುವ ಸಣ್ಣ ಮೀಟರ್ ಸಿಗುತ್ತದೆ. ಅದನ್ನು ಮಲಗುವ ಹಲಗೆಯ ಪಕ್ಕ, ಮೂವರಿಗೂ ಕಾಣುವಂತೆ ಬಿಗಿಯಿರಿ.