ಸಿಂಹ, ಮರವಾದ ಹುಡುಗಿ ಮತ್ತು ನಮ್ಮ ಮಕ್ಕಳು



ರಜೆ ಬಂದಿದೆ, ಮಕ್ಕಳ ಕೈಗೆ ಮೊಬೈಲೂ ಬಂದಿದೆ. ಮಾತಾಡುವ ಪ್ರಾಣಿ, ಮಾಟಗಾತಿ, ಮಂತ್ರದ ಕೋಲು ಇರುವ ಚಿತ್ರಗಳನ್ನು ಮಕ್ಕಳು ನೋಡಬಹುದೇ ಎಂದು ಧರ್ಮೋಪದೇಶ ತರಗತಿಯ ಬಾಗಿಲಲ್ಲಿ ಕೆಲವು ತಾಯಂದಿರು ನಮ್ಮನ್ನು ಕೇಳುವುದುಂಟು. ನೋಡಲಿ, ಆದರೆ ಒಬ್ಬರೇ ಕೂತು ನೋಡುವುದು ಬೇಡ ಎಂಬುದೇ ನಮ್ಮ ಉತ್ತರ.

2005ರಲ್ಲಿ ಬಂದ ನಾರ್ನಿಯಾ ಚಿತ್ರವನ್ನೇ ತೆಗೆದುಕೊಳ್ಳೋಣ. ಸಿ.ಎಸ್. ಲೂಯಿಸ್ 1950ರಲ್ಲಿ ಪ್ರಕಟಿಸಿದ ಮಕ್ಕಳ ಕಾದಂಬರಿ ಇದರ ಮೂಲ. ಯುದ್ಧಕಾಲದಲ್ಲಿ ಲಂಡನ್ನಿನ ನಾಲ್ವರು ಮಕ್ಕಳನ್ನು ದೂರದ ಹಳ್ಳಿಮನೆಗೆ ಕಳಿಸುತ್ತಾರೆ. ಪುಸ್ತಕ ಇದನ್ನು ಒಂದೆರಡು ವಾಕ್ಯದಲ್ಲಿ ಹೇಳಿ ಮುಂದೆ ಹೋಗುತ್ತದೆ. ಚಿತ್ರ ಬಾಂಬ್ ದಾಳಿಯಿಂದಲೇ ಶುರುವಾಗುತ್ತದೆ. 2019 ಮತ್ತು 2021ರ ಮಹಾಪೂರದಲ್ಲಿ ಮನೆ ಬಿಟ್ಟು ನೆಂಟರಲ್ಲಿಗೋ ಶಿಬಿರಕ್ಕೋ ಹೋದ ಶಿರೋಳದ ಮಕ್ಕಳಿಗೆ ಈ ಭಾಗವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಎಡ್ಮಂಡ್ ಎಂಬ ಹುಡುಗ ಮಾಟಗಾತಿ ಕೊಟ್ಟ ಸಿಹಿಗೆ ಮರುಳಾಗಿ ಒಡಹುಟ್ಟಿದವರನ್ನೇ ಒಪ್ಪಿಸಲು ಹೊರಡುತ್ತಾನೆ. ಒಂದು ಮಿಠಾಯಿಗಾಗಿ ಇಷ್ಟೆಲ್ಲವೇ ಎಂದು ಮಕ್ಕಳು ನಗುತ್ತಾರೆ. ಬ್ರಿಟನ್ನಿನಲ್ಲಿ 1942ರಿಂದ 1953ರವರೆಗೆ ಮಿಠಾಯಿಗೂ ರೇಷನ್ ಇತ್ತು ಎಂದು ಆಗ ತಿಳಿಸಿ. ವರ್ಷಗಟ್ಟಲೆ ನರಸೋಬವಾಡಿಯ ಪೇಢೆ ಅಳೆದೇ ಸಿಗುವಂತಿದ್ದು, ಯಾರೋ ಡಬ್ಬಿ ತುಂಬ ಕೊಟ್ಟರೆ ನೀನೇನು ಮಾಡುತ್ತಿದ್ದೆ ಎಂದು ಕೇಳಿ. ನಗು ನಿಲ್ಲುತ್ತದೆ.

ಅಸ್ಲಾನ್ ಎಂಬ ಸಿಂಹ ಎಡ್ಮಂಡನ ಬದಲು ತಾನೇ ಸಾಯಲು ಹೋಗುವಾಗ, ‘ನೋಡು, ಇದು ಯೇಸುಸ್ವಾಮಿಯ ಕಥೆ’ ಎಂದು ತಕ್ಷಣ ಹೇಳಬೇಡಿ. ದೊಡ್ಡವರಿಗೆ ಈ ಆತುರ ಜಾಸ್ತಿ (ನಮಗೂ!). ಉತ್ತರ ಮೊದಲೇ ಸಿಕ್ಕರೆ ಮಗು ಚಿತ್ರವನ್ನು ನೋಡುವುದನ್ನು ಬಿಟ್ಟು ಪರೀಕ್ಷೆ ಬರೆಯಲು ಕೂರುತ್ತದೆ. ಅದೇ ಕಂಡುಕೊಂಡು ಕೇಳಲಿ.

ನಾವು ಚಿತ್ರವನ್ನು ನಿಲ್ಲಿಸುವ ಜಾಗ ಅದಕ್ಕೂ ಮುಂಚಿನದು. ಬಿಡಿಸಿ ತಂದ ಎಡ್ಮಂಡನ ಜೊತೆ ಸಿಂಹ ಒಂಟಿಯಾಗಿ ಮಾತಾಡುತ್ತದೆ. ಪುಸ್ತಕದಲ್ಲೂ ಆ ಮಾತು ಬರೆದಿಲ್ಲ, ಚಿತ್ರದಲ್ಲೂ ದೂರದಿಂದ ಕಾಣುತ್ತದೆಯೇ ಹೊರತು ಕೇಳಿಸುವುದಿಲ್ಲ. ಆಮೇಲೆ ಅವನ ಹಳೆಯ ತಪ್ಪನ್ನು ಯಾರೂ ಎತ್ತಬಾರದೆಂದು ಸಿಂಹವೇ ಹೇಳುತ್ತದೆ. ಅಲ್ಲಿ ಏನು ಮಾತಾಡಿರಬಹುದು ಎಂದು ಕೇಳಿ ಸುಮ್ಮನಿರಿ. ಮೊದಲ ಪಾಪನಿವೇದನೆಗೆ ಸಿದ್ಧವಾಗುವ ಮಕ್ಕಳಿಗೆ ‘ಗುರುಗಳು ಅಪ್ಪನಿಗೆ ಹೇಳಿಬಿಟ್ಟರೆ?’ ಎಂಬ ಭಯವಿರುತ್ತದೆ. ಆ ಭಯ ಇಲ್ಲಿ ಬಾಯಿಗೆ ಬರುತ್ತದೆ. ಮನೆಯಲ್ಲಿ ಹಳೆಯ ತಪ್ಪನ್ನು ಪದೇಪದೇ ಎತ್ತುವ ನಮ್ಮ ಅಭ್ಯಾಸದ ಬಗ್ಗೆಯೂ ಮಗು ಏನಾದರೂ ಹೇಳೀತು, ಕೇಳಿಸಿಕೊಳ್ಳಿ.

ಸಿಂಹವನ್ನು ಕೊಲ್ಲುವ ದೃಶ್ಯ ಚಿಕ್ಕವರಿಗೆ ಭಾರ. ಅದು ಕಂಪ್ಯೂಟರಿನಲ್ಲಿ ಮಾಡಿದ ಸಿಂಹ ಎಂದು ಮೊದಲೇ ಹೇಳಿ, ಪಕ್ಕದಲ್ಲೇ ಕೂತಿರಿ.

ಭಾಷೆಯ ಮಾತೂ ಇದೆ. ನಮ್ಮ ಮಕ್ಕಳು ಮರಾಠಿಯಲ್ಲಿ ಓದಿ, ಹಿಂದಿಯಲ್ಲಿ ಸಿನಿಮಾ ನೋಡಿ, ಕನ್ನಡದಲ್ಲಿ ಊಟ ಕೇಳುತ್ತಾರೆ. ನೋಡಿದ ಕಥೆಯನ್ನು ರಾತ್ರಿ ಅಜ್ಜಿಗೆ ಕನ್ನಡದಲ್ಲಿ ಹೇಳಲಿ. ತಡವರಿಸಿದಲ್ಲಿ ಅಜ್ಜಿ ಪದ ಕೊಡುತ್ತಾರೆ. ಪ್ರಾರ್ಥನೆಯನ್ನೂ ಅದೇ ಕನ್ನಡದಲ್ಲಿ ಮಾಡಬೇಕಲ್ಲವೇ?

ಇನ್ನು ‘ಚೆಲುವಿ’. ಒಂದು ಕೊಡ ನೀರು ಸುರಿದರೆ ಹೂವಿನ ಮರವಾಗುವ, ಮತ್ತೊಂದು ಕೊಡ ಸುರಿದರೆ ಹುಡುಗಿಯಾಗುವವಳ ಕಥೆ ನಮ್ಮ ಕನ್ನಡ ನಾಡಿನದೇ; ಎ.ಕೆ. ರಾಮಾನುಜನ್ ಇದನ್ನು ಸಂಗ್ರಹಿಸಿದ್ದಾರೆ. ಗಿರೀಶ ಕಾರ್ನಾಡರು 1992ರಲ್ಲಿ ಹಿಂದಿಯಲ್ಲಿ ಚಿತ್ರ ಮಾಡಿದರು. ಮರಾಠಿಯವರಿಗೆಲ್ಲ ಗೊತ್ತಿರುವ ಸೋನಾಲಿ ಕುಲಕರ್ಣಿಯ ಮೊದಲ ಚಿತ್ರ ಅದು. ನಾದಿನಿಯ ಗುಂಪು ಆಟಕ್ಕೆಂದು ಕೊಂಬೆ ಮುರಿದಾಗ ಹುಡುಗಿ ಅರ್ಧಂಬರ್ಧ ಉಳಿಯುತ್ತಾಳೆ. ಜನಪದ ಕಥೆಯಲ್ಲಿ ಗಂಡ ಮುರಿದ ಕೊಂಬೆಗಳನ್ನು ಜೋಡಿಸಿ, ನೀರು ಸುರಿದು ಅವಳನ್ನು ಮರಳಿ ಪಡೆಯುತ್ತಾನೆ. ಚಿತ್ರದಲ್ಲಿ ಅವಳು ಹುಡುಗಿಯಾಗುವುದೇ ಇಲ್ಲ.

ಕಾರ್ನಾಡರು ಕೊನೆಯನ್ನು ಏಕೆ ಬದಲಿಸಿರಬಹುದು? ಆರನೆಯ ತರಗತಿಗಿಂತ ಮೇಲಿನವರನ್ನು ಇದನ್ನೇ ಕೇಳಿ. ಕಾಡು ಕಡಿದರೆ ಜೋಡಿಸಲಾಗದು ಎಂದು ಒಬ್ಬರು ಹೇಳಬಹುದು, ನಾದಿನಿ ಕ್ಷಮೆ ಕೇಳಲೇ ಇಲ್ಲವಲ್ಲ ಎಂದು ಇನ್ನೊಬ್ಬರು. ಎರಡನ್ನೂ ಚರ್ಚಿಸಲಿ. ಆದರೆ ಚಿತ್ರ ಹಾಕುವ ಮೊದಲು ಕಥೆಯನ್ನು ಅಜ್ಜಿಯ ಬಾಯಿಂದ ಕೇಳಿರಲಿ. ಅಜ್ಜಿಗೆ ನೆನಪಿಲ್ಲದಿದ್ದರೆ ನೀವೇ ಹೇಳಿ. ತನ್ನ ಮನಸ್ಸಿನಲ್ಲಿ ಮಗು ಬಿಡಿಸಿಕೊಂಡ ಮರ ಪರದೆಯ ಮೇಲಿನ ಮರಕ್ಕಿಂತ ಮೊದಲು ಬರಲಿ.