ಉಪ್ಪುಗಾಳಿಯ ಊರಿನಲ್ಲಿ ಒಂದು ಹಳೆಯ ಕಾರು

ಕಾಳಿನದಿಯ ಉಪ್ಪುಹವೆಯೂ ಆಷಾಢದ ಜಡಿಮಳೆಯೂ ಕೂಡಿಕೊಂಡು ಯಾವ ಲೋಹವನ್ನೂ ಬಹುಕಾಲ ನಿರ್ಮಲವಾಗಿರಗೊಡದ ಶಿರವಾಡದಲ್ಲಿ, ಇಪ್ಪತ್ತು ವರ್ಷ ಮೀರಿದ ಇಂಜೆಕ್ಷನ್ ಕಾರೊಂದನ್ನು ಸಾಕಿಕೊಂಡು ಬಾಳುವವನು, ಯಂತ್ರದ ರೋಗಗಳನ್ನು ಯಂತ್ರದಲ್ಲಿ ಹುಡುಕುವುದಕ್ಕಿಂತ ಮೊದಲು ತಂತಿಗಳು ಒಂದನ್ನೊಂದು ಕೂಡುವ ಸಂಧಿಗಳಲ್ಲಿ ಹುಡುಕಬೇಕೆಂಬುದನ್ನು ಬೇಗನೆ ಕಲಿಯುತ್ತಾನೆ. ಪ್ರೌಢಶಾಲೆಯಲ್ಲಿ ಭೌತಶಾಸ್ತ್ರವನ್ನು ಬೋಧಿಸಿ ನಿವೃತ್ತನಾದ ನನಗೆ ಓಮನ ನಿಯಮವು ಕಂಠಸ್ಥವಾಗಿಯೇ ಇದ್ದಿತು. ಆದರೆ ಅದು ಪೆಟ್ರೋಲಿನ ಖರ್ಚಾಗಿ ಜೇಬನ್ನು ಮುಟ್ಟಿದ್ದು ಈ ಕಾರಿನ ದೆಸೆಯಿಂದ.

ನನ್ನದು ಸಂಧಿಕಾಲದ ವಾಹನ. 1967ರಲ್ಲಿಯೇ ಜರ್ಮನಿಯ ಬಾಷ್ ಸಂಸ್ಥೆಯು ಫೋಕ್ಸ್‌ವ್ಯಾಗನ್ 1600 ಕಾರಿಗೆ ವಿದ್ಯುನ್ಮಾನ ಇಂಜೆಕ್ಷನ್ ಅಳವಡಿಸಿದ್ದರೂ, ನಮ್ಮ ದೇಶದ ಸಾಮಾನ್ಯ ಜನರ ಕಾರುಗಳಿಗೆ ಅದು ಬರಲು ಶತಮಾನವೇ ಮುಗಿಯಬೇಕಾಯಿತು. ದಿಲ್ಲಿಯ ಹೊಗೆಯನ್ನು ಕುರಿತು ಸರ್ವೋಚ್ಚ ನ್ಯಾಯಾಲಯವು 1999ರಲ್ಲಿ ಇತ್ತ ಆದೇಶ, 2000ದ ಫೆಬ್ರವರಿಯಲ್ಲಿ ದೇಶದ ಬಂಕುಗಳಿಂದ ಸೀಸದ ಪೆಟ್ರೋಲಿನ ನಿರ್ಗಮನ, ಆ ಏಪ್ರಿಲಿನಲ್ಲಿ ಎಲ್ಲೆಡೆ ಜಾರಿಗೆ ಬಂದ ಹೊಸ ಮಾಲಿನ್ಯ ಮಾನದಂಡ, ಇವುಗಳ ಒತ್ತಡದಿಂದ ಮಾರುತಿ 800ರಂಥ ಪುಟ್ಟ ಕಾರಿನಲ್ಲಿಯೂ ಕಾರ್ಬೊರೇಟರಿನ ಸ್ಥಾನವನ್ನು ಎಂಪಿಎಫ್‌ಐ ಎಂಬ ಇಂಜೆಕ್ಷನ್ ವ್ಯವಸ್ಥೆ ಆಕ್ರಮಿಸಿತು. ಚೋಕ್ ಎಳೆದು ಕೈನೋಯಿಸಿಕೊಂಡ ಆ ದಿನಗಳೇ ಚೆನ್ನಾಗಿದ್ದವೆಂದು ಹಲುಬುವವರ ಗುಂಪಿಗೆ ನಾನು ಸೇರಲಾರೆ.

ಈ ವ್ಯವಸ್ಥೆಯಲ್ಲಿ ಒಂದು ಕಿಲೋ ಪೆಟ್ರೋಲಿಗೆ ಸುಮಾರು 14.7 ಕಿಲೋ ಗಾಳಿಯೆಂಬ ಪ್ರಮಾಣವನ್ನು ಕಾಯುವ ಹೊಣೆ ಇಸಿಎಂ ಎಂಬ ಪೆಟ್ಟಿಗೆಯದು. ಅದಕ್ಕೆ ಎಂಜಿನ್ನು ಕಾಣಿಸುವುದಿಲ್ಲ. ಗಾಳಿಯ ಒತ್ತಡ, ನೀರಿನ ಉಷ್ಣತೆ, ಥ್ರಾಟಲಿನ ಸ್ಥಾನ ಮುಂತಾದವುಗಳನ್ನು ಕುರಿತು ಸೆನ್ಸರುಗಳು ತಂತಿಯ ಮೂಲಕ ಒಪ್ಪಿಸುವ ವರದಿಯನ್ನೇ ಪ್ರಮಾಣವೆಂದು ನಂಬಿ, ಇಂಜೆಕ್ಟರು ಎಷ್ಟು ಮಿಲಿಸೆಕೆಂಡು ತೆರೆದಿರಬೇಕೆಂಬುದನ್ನು ಅದು ನಿರ್ಣಯಿಸುತ್ತದೆ.

ಒಂದು ಮಳೆಗಾಲ ಕಳೆದ ಮೇಲೆ ನನ್ನ ಕಾರಿಗೆ ವಿಚಿತ್ರವಾದ ಜಾಡ್ಯವೊಂದು ಅಂಟಿಕೊಂಡಿತು. ಬೆಳಿಗ್ಗೆ ನಿರಾಯಾಸವಾಗಿ ಸ್ಟಾರ್ಟ್ ಆಗಿ, ಕಾರವಾರವನ್ನೂ ಬಿಣಗಾವನ್ನೂ ಸುಖವಾಗಿ ದಾಟಿ, ಅಂಕೋಲೆಯ ದಾರಿಯಲ್ಲಿ ಅಮದಳ್ಳಿ ಬರುವ ಹೊತ್ತಿಗೆ ಕಪ್ಪುಹೊಗೆಯನ್ನುಗುಳುತ್ತ, ಐಡ್ಲಿಂಗಿನಲ್ಲಿ ಏರಿಳಿಯುತ್ತ, ಹಸಿ ಪೆಟ್ರೋಲಿನ ವಾಸನೆಯನ್ನು ಬೀರತೊಡಗುವುದು. ಮೈಲೇಜಂತೂ ಇಳಿದುಹೋಗಿತ್ತು. ಆದರೂ ಡ್ಯಾಶಿನ ಚೆಕ್ ಎಂಜಿನ್ ದೀಪ ಉರಿಯಲೇ ಇಲ್ಲ. "ಮಾಸ್ತರೇ, ಇದು ಇಸಿಎಂ ಹೋದದ್ದೇ, ಬೇರೆ ಹಾಕಿಬಿಡುವಾ" ಎಂದರು ಗ್ಯಾರೇಜಿನವರು. ತಣ್ಣಗಿರುವಾಗ ನೆಟ್ಟಗಿದ್ದು ಬಿಸಿಯಾದಾಗ ಮಾತ್ರ ಕೆಡುವುದಕ್ಕೆ ಬೇರೆ ಕಾರಣವಿರಬೇಕೆಂದು ನನ್ನ ಮನಸ್ಸು ಹೇಳುತ್ತಿದ್ದುದರಿಂದ, ನಾನು ಮಲ್ಟಿಮೀಟರನ್ನು ಹಿಡಿದುಕೊಂಡು ಕುಳಿತೆ.

ನೀರಿನ ಉಷ್ಣತೆಯನ್ನಳೆಯುವ ಸೆನ್ಸರಿನ ಪ್ರತಿರೋಧವು ಬಿಸಿಯೇರಿದಂತೆಲ್ಲ ಇಳಿಯುತ್ತದೆ: ಇಪ್ಪತ್ತು ಡಿಗ್ರಿಯಲ್ಲಿ ಸಾಮಾನ್ಯವಾಗಿ 2500 ಓಮ್‌ನ ಆಸುಪಾಸಿನಲ್ಲಿದ್ದುದು ಎಂಬತ್ತು ಡಿಗ್ರಿಯಲ್ಲಿ ಸುಮಾರು 300 ಓಮ್ ಆಗುತ್ತದೆ. ಬಿಸಿ ಎಂಜಿನ್ನಿನ ಮೇಲೆ ಸೆನ್ಸರನ್ನೇ ನೇರವಾಗಿ ಅಳೆದಾಗ ಲೆಕ್ಕ ಸರಿಯಾಗಿತ್ತು. ಇಸಿಎಂಗೆ ತಂತಿಗಳನ್ನು ಜೋಡಿಸುವ ಕಪ್ಲರನ್ನು ಕಳಚಿ ಆ ತುದಿಯಿಂದ ಅಳೆದಾಗ ಮಾತ್ರ 800ಕ್ಕೆ ಸಮೀಪದ ಅಂಕೆ ಕಂಡಿತು. ನಡುವಣ ಐನೂರು ಓಮ್ ಸೆನ್ಸರಿನ ಕಪ್ಲರಿನೊಳಗೆ ಹಸಿರು ಕಿಲುಬಾಗಿ ಕುಳಿತಿದ್ದಿತು. ತಣ್ಣಗಿನ ಎಂಜಿನ್ನಿನ ಎರಡೂವರೆ ಸಾವಿರಕ್ಕೆ ಐನೂರು ಕೂಡಿದರೆ ಮೂರು ನಾಲ್ಕು ಡಿಗ್ರಿಯ ವ್ಯತ್ಯಾಸವಷ್ಟೆ. ಬಿಸಿ ಎಂಜಿನ್ನಿನ ಮುನ್ನೂರಕ್ಕೆ ಅದೇ ಐನೂರು ಕೂಡಿದಾಗ, ಎಂಬತ್ತು ಡಿಗ್ರಿಯ ನೀರು ಇಸಿಎಂಗೆ ಐವತ್ತು ಡಿಗ್ರಿಯದಾಗಿ ತೋರುತ್ತದೆ, ಎಂಜಿನ್ನು ಇನ್ನೂ ಕಾದಿಲ್ಲವೆಂದು ಅದು ಪೆಟ್ರೋಲನ್ನು ಹೆಚ್ಚಿಸುತ್ತದೆ. ಹೆಚ್ಚಾದುದನ್ನು ತಿದ್ದಬೇಕಾದ ಆಕ್ಸಿಜನ್ ಸೆನ್ಸರೂ ನನ್ನ ಕಾರಿನಲ್ಲಿ ವಯಸ್ಸಾಗಿ ಮಂದವಾಗಿತ್ತು. ತಂತಿ ಪೂರ್ತಿ ಹರಿದಿದ್ದರೆ ದೀಪ ಹತ್ತುತ್ತಿತ್ತು. ಐವತ್ತು ಡಿಗ್ರಿಯೆಂಬುದು ನಂಬತಕ್ಕ ಅಂಕೆಯಾದುದರಿಂದ ಆ ಕಾಲದ ಪೆಟ್ಟಿಗೆ ಅದನ್ನು ಸಂಶಯಿಸಲಿಲ್ಲ. ಊರಿನಲ್ಲಿಯೂ ಅರ್ಧಸತ್ಯ ಹೇಳುವವನೇ ಬಹುಕಾಲ ಸಿಕ್ಕಿಬೀಳದೆ ತಿರುಗುವವನಲ್ಲವೆ?

ಅಂದಿನಿಂದ ಮಳೆಗಾಲಕ್ಕೆ ಮುನ್ನ ಬ್ಯಾಟರಿ ಕಳಚಿ, ಕಪ್ಲರುಗಳನ್ನು ಒಂದೊಂದಾಗಿ ಬಿಚ್ಚಿ, ಕಾಂಟ್ಯಾಕ್ಟ್ ಕ್ಲೀನರ್ ಸಿಂಪಡಿಸಿ, ರಬ್ಬರು ಸೀಲುಗಳು ಬಿರುಕುಬಿಟ್ಟಿವೆಯೇ ಎಂದು ನೋಡುವುದು ನನ್ನ ನಿಯಮವಾಗಿದೆ. ಅರ್ಥಿಂಗಿನ ಪರೀಕ್ಷೆ ಇನ್ನೂ ಸುಲಭ: ಎಂಜಿನ್ನು ಓಡುತ್ತ ಹೆಡ್‌ಲೈಟು ಉರಿಯುತ್ತಿರುವಾಗ ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ನೆಗೆಟಿವಿಗೂ ಇನ್ನೊಂದನ್ನು ಎಂಜಿನ್ನಿನ ಮೈಗೂ ಮುಟ್ಟಿಸಿ, 0.2 ವೋಲ್ಟಿಗಿಂತ ಹೆಚ್ಚು ಕಂಡರೆ ಅರ್ಥ್ ಪಟ್ಟಿಯನ್ನು ಬಿಚ್ಚಿ ಉಜ್ಜಬೇಕು. ತುಂಡಾದ ತಂತಿಗಳನ್ನು ಹೊಸೆದು ಟೇಪು ಸುತ್ತುವ ಪದ್ಧತಿ ಘಟ್ಟದ ಮೇಲಿನ ಒಣ ಊರುಗಳಲ್ಲಿ ನಡೆದೀತು. ಇಲ್ಲಿ ಟೇಪಿನ ಒಳಗೆ ತೇವ ಸೇರಿಕೊಂಡು, ಮುಂದಿನ ಶ್ರಾವಣಕ್ಕೆ ಅದೇ ಕಿಲುಬು.

ಇಸಿಎಂ ಎಂದಿಗೂ ಕೆಡದೆಂದು ಇದರ ಅರ್ಥವಲ್ಲ. 2021ರ ಜುಲೈಯಲ್ಲಿ ಕದ್ರಾ ಅಣೆಕಟ್ಟಿನಿಂದ ನೀರು ಬಿಟ್ಟು ಕಾಳಿಯ ದಂಡೆಯ ಊರುಗಳು ಜಲಾವೃತವಾದಾಗ, ಆ ಕಡೆಯ ನೆಂಟರೊಬ್ಬರ ಹಳೆಯ ಪೆಟ್ರೋಲ್ ವ್ಯಾನಿನಲ್ಲಿ ಸೀಟಿನವರೆಗೆ ನೀರು ನಿಂತಿತು. ಕಾರ್ಪೆಟ್ಟಿನ ಪಕ್ಕದಲ್ಲಿದ್ದ ಪೆಟ್ಟಿಗೆಯನ್ನು ಅವರು ಒಣಗಿಸಿ ಕೆಲಕಾಲ ಓಡಿಸಿದರು. ಆಮೇಲೆ ತೆರೆದು ನೋಡಿದಾಗ ಒಳಗಿನ ಬೆಸುಗೆಗಳೇ ಸವೆದುಹೋಗಿದ್ದವು. ಹುಬ್ಬಳ್ಳಿಯ ಗುಜರಿಯಿಂದ ಅದೇ ಪಾರ್ಟ್ ನಂಬರಿನ ಇನ್ನೊಂದನ್ನು ತರಿಸಿದೆವು. ಅಕ್ಷರವೊಂದು ವ್ಯತ್ಯಾಸವಾದರೂ ಅದು ಬೇರೆ ಎಂಜಿನ್ನಿಗಾಗಿ ಬರೆದ ಪೆಟ್ಟಿಗೆಯಾಗಿರಬಹುದಾದ್ದರಿಂದ ಅಂಗಡಿಯವನು ಎರಡು ಬಾರಿ ಹುಡುಕಬೇಕಾಯಿತು. ವ್ಯಾನು ಈಗಲೂ ಶಿರವಾಡದ ರೈಲ್ವೆ ನಿಲ್ದಾಣಕ್ಕೆ ನೆಂಟರಿಷ್ಟರನ್ನು ಕರೆದೊಯ್ಯಲು ಬರುತ್ತದೆ. ತಂತಿಗಳನ್ನು ಒಂದು ಮೊಳ ಉದ್ದಮಾಡಿ, ಪೆಟ್ಟಿಗೆಯನ್ನು ಡ್ಯಾಶಿನ ಮೇಲ್ಭಾಗಕ್ಕೆ ಬಿಗಿಸಿದ್ದೇವೆ.