ಚಿನ್ನದೂರಿನಲ್ಲೊಂದು ರೋಡ್‌ಕಿಂಗ್

ಹಟ್ಟಿಯಲ್ಲಿ ಹೂಡಿಕೆಯ ಮಾತು ಎಲ್ಲಿಂದ ಶುರುವಾದರೂ ಚಿನ್ನಕ್ಕೇ ಬಂದು ನಿಲ್ಲುತ್ತದೆ. 1947ರಲ್ಲಿ ಹೈದರಾಬಾದ್ ಗೋಲ್ಡ್ ಮೈನ್ಸ್ ಎಂದು ಹುಟ್ಟಿದ ಕಂಪನಿಯ ಸಂಬಳದಲ್ಲಿ ಉಂಡು ಬೆಳೆದ ಊರು ಇದು. ಹೀಗಾಗಿ ಬೆಂಗಳೂರಿನಲ್ಲಿ ನೌಕರಿ ಮಾಡುವ ನನ್ನ ಸೋದರಳಿಯ ದೀಪಾವಳಿಗೆ ಬಂದು, ಶೆಡ್ಡಿನಲ್ಲಿದ್ದ ನನ್ನ ಯೆಜ್ಡಿ ರೋಡ್‌ಕಿಂಗ್ ಸುತ್ತ ಪ್ರದಕ್ಷಿಣೆ ಹಾಕಿ, "ಮಾಮಾ, ಇದು ಬಂಗಾರಕ್ಕಿಂತ ಚಲೋ ಅಸೆಟ್ ಅದ" ಎಂದಾಗ ಮನೆಯವರೆಲ್ಲ ನಕ್ಕರು. ಅವನು ನಗಲಿಲ್ಲ. ಮೊಬೈಲ್ ತೆಗೆದು ಒಂದು ಕಾರಿನ ಚಿತ್ರ ತೋರಿಸಿದ.

1971ರ ಪ್ಲಿಮತ್ ಹೆಮಿ ಕುಡಾ. ಅಮೆರಿಕದವರು ಮಸಲ್ ಕಾರ್ ಎನ್ನುವ ಜಾತಿಯದು, ಮೇಲ್ಛಾವಣಿ ಮಡಚಬಹುದು. ಎಂಜಿನ್ ಏಳು ಲೀಟರ್, ಶಕ್ತಿ 425 ಅಶ್ವಶಕ್ತಿ. 2014ರಲ್ಲಿ ಸಿಯಾಟಲ್ ಹರಾಜಿನಲ್ಲಿ ಅಂಥದ್ದೊಂದು 35 ಲಕ್ಷ ಡಾಲರಿಗೆ ಹೋಯಿತು. ಆಗಿನ ಲೆಕ್ಕಕ್ಕೆ 20 ಕೋಟಿ ರೂಪಾಯಿಗೂ ಮಿಗಿಲು.

ಅಳಿಯ ಹೇಳದೆ ಬಿಟ್ಟದ್ದು ಆ ಬೆಲೆಯ ಕಾರಣ. ಆ ವರ್ಷ ಹೆಮಿ ಎಂಜಿನ್ನಿನ ತೆರೆದ ಕುಡಾ ತಯಾರಾದದ್ದು ಹನ್ನೊಂದೇ ಎಂದು ಸಂಗ್ರಾಹಕರ ಲೆಕ್ಕ. ಕಂಪನಿಯೇನೂ ಬೇಕೆಂದು ಕಡಿಮೆ ಮಾಡಲಿಲ್ಲ. ಆ ಎಂಜಿನ್ನಿಗೆ ನೂರಾರು ಡಾಲರ್ ಹೆಚ್ಚು ತೆರಬೇಕಿತ್ತು, ವಿಮಾ ಕಂಪನಿಗಳು ಇಂಥ ಕಾರುಗಳ ಪ್ರೀಮಿಯಂ ಏರಿಸಿದ್ದವು, ಹೊಗೆಯ ಕಾನೂನು ಬಿಗಿಯಾಗುತ್ತಿತ್ತು. ಕೊಳ್ಳುವವರೇ ಇರಲಿಲ್ಲ. ಶೋರೂಮಿನಲ್ಲಿ ಬೇಡವಾಗಿದ್ದ ಕಾರು ಈಗ ಕೋಟಿ ಬಾಳುತ್ತದೆ. ಆದರೆ ಬೇಡವಾದದ್ದೆಲ್ಲ ಕೋಟಿ ಬಾಳುವುದಿಲ್ಲ. ಅದೇ ಕಾಲದ ಎಷ್ಟೋ ಅಮೆರಿಕನ್ ಸೆಡಾನುಗಳು ಗುಜರಿಗೆ ಹೋದವು, ಅವಕ್ಕೆ ಹರಾಜೂ ಇಲ್ಲ, ಅಳಿಯನ ಮೊಬೈಲಿನಲ್ಲಿ ಜಾಗವೂ ಇಲ್ಲ. ಇನ್ನೊಂದು ಮಾತು. 2021ರಲ್ಲಿ ಇಂಥದ್ದೇ ಒಂದು ಕುಡಾಕ್ಕೆ ಹರಾಜಿನಲ್ಲಿ 48 ಲಕ್ಷ ಡಾಲರಿನವರೆಗೂ ಕೂಗಿದರು. ಮಾಲೀಕ ಕೊಡಲಿಲ್ಲ. ಅಂದರೆ ಆ 48 ಲಕ್ಷ ಯಾರ ಖಾತೆಗೂ ಬರಲಿಲ್ಲ.

ಅಂಥ ಕಾರು ನಮ್ಮ ರಸ್ತೆಗೆ ಬರುವ ದಾರಿಯೇ ಇರಲಿಲ್ಲ. ಜನರಲ್ ಮೋಟಾರ್ಸ್ ಮತ್ತು ಫೋರ್ಡ್ 1954ರಲ್ಲೇ ಇಲ್ಲಿನ ಜೋಡಣೆ ನಿಲ್ಲಿಸಿ ಹೋದವು. ನಮ್ಮ ಹುಡುಗರ ಎದೆ ನಡುಗಿಸಿದ ಸದ್ದು ಬಂದದ್ದು ಮೈಸೂರಿನ ಯಾದವಗಿರಿಯಿಂದ. ಐಡಿಯಲ್ ಜಾವಾ ಕಾರ್ಖಾನೆ 1961ರಿಂದ ಚೆಕ್ ದೇಶದ ಜಾವಾ ಬೈಕನ್ನು ಇಲ್ಲೇ ಮಾಡಿತು, 1973ರಿಂದ ಯೆಜ್ಡಿ ಎಂಬ ಹೆಸರಿನಲ್ಲಿ ಮಾರಿತು, 1978ಕ್ಕೆ ರೋಡ್‌ಕಿಂಗ್ ತಂದಿತು. ಒಂದೇ ಸಿಲಿಂಡರು, ಆದರೂ ಎರಡು ಸೈಲೆನ್ಸರು. ಕಿಕ್ ಹೊಡೆದ ಲಿವರನ್ನೇ ಮುಂದಕ್ಕೆ ಮಡಚಿದರೆ ಗೇರು. ಹೊಸಬರಿಗೆ ಗಾಡಿ ಕೊಟ್ಟರೆ ಇದನ್ನು ಹೇಳಿಕೊಡುವುದರಲ್ಲೇ ಅರ್ಧ ಗಂಟೆ ಹೋಗುತ್ತದೆ. 1983ರಲ್ಲಿ ಬಂದ ಎರಡು ಸಿಲಿಂಡರಿನ 350 ಟ್ವಿನ್ ಪೆಟ್ರೋಲ್ ಕುಡಿಯುತ್ತದೆಂದು ಜನ ದೂರವಿಟ್ಟರು. ಈಗ ಸಂಗ್ರಾಹಕರು ಅದನ್ನೇ ಹುಡುಕುತ್ತಾರೆ: ಕುಡಾದ ಕಥೆಯೇ, ರೂಪಾಯಿಯಲ್ಲಿ. ಕಾರ್ಖಾನೆ 1996ರಲ್ಲಿ ಮುಚ್ಚಿತು.

ಅದೇ ವರ್ಷ ನಾನು 1984ರ ರೋಡ್‌ಕಿಂಗ್ ಒಂದನ್ನು 10,000 ರೂಪಾಯಿಗೆ ಕೊಂಡೆ. ಸೆಕೆಂಡ್ ಶಿಫ್ಟ್ ಮುಗಿಸಿ ಗಣಿಯ ಮಲ್ಲಪ್ಪ ಶಾಫ್ಟಿನ ಕಡೆಯಿಂದ ಮನೆಗೆ ಬರುವಾಗ ಓಣಿಯ ನಾಯಿಗಳಿಗೆಲ್ಲ ಗೊತ್ತಾಗುತ್ತಿತ್ತು. ಈಚೆಗೆ ಲಿಂಗಸುಗೂರಿನ ಮಿಸ್ತ್ರಿಯ ಕೈಯಲ್ಲಿ ಬೋರ್, ಕ್ರ್ಯಾಂಕ್, ಕ್ರೋಮ್, ಬಣ್ಣ, ಟೈರು ಎಲ್ಲ ಮಾಡಿಸಲು 60,000 ಹೋಯಿತು. ಬೆಂಗಳೂರಿನ ಒಬ್ಬರು ಒಂದೂವರೆ ಲಕ್ಷಕ್ಕೆ ಕೇಳಿದ್ದಾರೆ. ಖರ್ಚು ಕಳೆದರೆ ಲಾಭ 80,000.

1996ರಲ್ಲಿ 10 ಗ್ರಾಂ ಚಿನ್ನ ಸುಮಾರು 5,000 ಇತ್ತು. 2025ರಲ್ಲಿ ಲಕ್ಷ ದಾಟಿತು. ಅದೇ 10,000ಕ್ಕೆ 20 ಗ್ರಾಂ ಕೊಂಡಿದ್ದರೆ ಎರಡು ಲಕ್ಷವಾಗುತ್ತಿತ್ತು. ಅದಕ್ಕೆ ಆಯಿಲ್ ಹಾಕಬೇಕಿಲ್ಲ, ಮಳೆಗಾಲದಲ್ಲಿ ಟ್ಯಾಂಕಿನ ತುಕ್ಕು ನೋಡಬೇಕಿಲ್ಲ. ಆದರೆ ತೆರಿಗೆಯ ವಿಷಯದಲ್ಲಿ ಬೈಕು ಗೆಲ್ಲುತ್ತದೆ. ಸ್ವಂತ ಬಳಕೆಯ ವಾಹನ ಆದಾಯ ತೆರಿಗೆಯ ಕಣ್ಣಿಗೆ ಬಂಡವಾಳ ಆಸ್ತಿಯಲ್ಲ, ಮಾರಿದ ಲಾಭಕ್ಕೆ ತೆರಿಗೆಯಿಲ್ಲ. ಚಿನ್ನದ ದೀರ್ಘಾವಧಿ ಲಾಭಕ್ಕೆ ಶೇ 12.5. ತೆರಿಗೆ ಕಟ್ಟುವವನಿಗೆ 25,000 ರೂಪಾಯಿಯ ಹತ್ತಿರ ಹೋಗುತ್ತದೆ. ಹೋಗಲಿ, ಆದರೂ ಚಿನ್ನದ ಲಾಭ ಬೈಕಿನ ಎರಡರಷ್ಟು. (ಕೊಂಡು ಮಾರುವುದನ್ನೇ ದಂಧೆ ಮಾಡಿಕೊಂಡವರಿಗೆ ಈ ವಿನಾಯಿತಿ ಇಲ್ಲ, ಅದು ವ್ಯಾಪಾರದ ಆದಾಯ.) ಇಷ್ಟು ವರ್ಷ ಹತ್ತಿ ಓಡಾಡಿದ್ದರ ಬೆಲೆಯನ್ನು ನಾನು ಎಲ್ಲೂ ಬರೆದಿಲ್ಲ. ಬರೆದರೆ ಯೆಜ್ಡಿಯೇ ಮುಂದೆ ಹೋದೀತು. ಆದರೆ ಶೆಡ್ಡಿನಲ್ಲಿ ಬಟ್ಟೆ ಹೊದಿಸಿ ಬೆಲೆ ಏರಲಿ ಎಂದು ಕಾಯುವವನಿಗೆ ಆ ಸಾಲು ಸೊನ್ನೆ.

ಕಾಯುವವನಿಗೆ ಬೇರೆ ಖರ್ಚುಗಳೂ ಇವೆ. 2025ರ ಆಗಸ್ಟ್‌ನಿಂದ 20 ವರ್ಷ ದಾಟಿದ ಬೈಕಿನ ನೋಂದಣಿ ನವೀಕರಣಕ್ಕೆ 2,000 ರೂಪಾಯಿ. ವಿಂಟೇಜ್ ಎಂದು ನೋಂದಾಯಿಸಲು 2021ರ ನಿಯಮದಂತೆ 50 ವರ್ಷ ತುಂಬಿರಬೇಕು, ಶುಲ್ಕ 20,000, ಮೇಲೆ ದಿನನಿತ್ಯ ಓಡಿಸುವಂತಿಲ್ಲ. ನನ್ನ ಗಾಡಿಗೆ 50 ತುಂಬುವುದು 2034ಕ್ಕೆ. ಇರುವ ವಿಮೆ ಥರ್ಡ್ ಪಾರ್ಟಿ ಮಾತ್ರ; ಕಳುವಾದರೆ ಒಂದು ರೂಪಾಯಿಯೂ ಬರದು.

ಇದೆಲ್ಲಕ್ಕಿಂತ ನನಗೆ ಅನುಮಾನ ಹುಟ್ಟಿಸುವುದು ಕೊಳ್ಳುವವರ ವಯಸ್ಸು. ಎಂಬತ್ತರ ದಶಕದಲ್ಲಿ ಯೆಜ್ಡಿ ನೋಡಿ ಬಾಯಿ ಬಿಟ್ಟ ಹುಡುಗರ ಕೈಯಲ್ಲಿ ಈಗ ದುಡ್ಡಿದೆ, ಜುಲೈ ಎರಡನೆಯ ಭಾನುವಾರದ ಜಾವಾ-ಯೆಜ್ಡಿ ದಿನಕ್ಕೆ ಸಾಲುಗಟ್ಟಿ ಬರುವವರಲ್ಲಿ ಅವರೇ ಹೆಚ್ಚು. ಇನ್ನು ಇಪ್ಪತ್ತು ವರ್ಷಕ್ಕೆ ಅವರ ಮೊಣಕಾಲು ಕಿಕ್ ಹೊಡೆಯಲು ಒಪ್ಪಬೇಕಲ್ಲ! ಆಗಿನ ಹುಡುಗರು ಆರ್‌ಎಕ್ಸ್ 100 ಕೇಳುತ್ತಾರೋ, ಬೇರೇನೋ. ಆದ್ದರಿಂದ ನನ್ನ ಲೆಕ್ಕದ ಪುಸ್ತಕದಲ್ಲಿ ಯೆಜ್ಡಿ ಇರುವುದು ಖರ್ಚಿನ ಪುಟದಲ್ಲಿ, ಹಬ್ಬದ ಬಟ್ಟೆಯ ಕೆಳಗೆ.

ಅಳಿಯ ಒಪ್ಪಿಲ್ಲ. ಮಸ್ಕಿ ಕಡೆ ಒಂದು 350 ಟ್ವಿನ್ ನೋಡಿದ್ದಾನೆ. ಎಂಜಿನ್ ನಂಬರು, ಚೇಸಿ ನಂಬರು ಆರ್‌ಸಿಗೆ ಹೊಂದುತ್ತವೆ, ಅಷ್ಟು ಸಮಾಧಾನ. ಹೊಂದದ ಗಾಡಿಗೆ ಅಮೆರಿಕದಲ್ಲೂ ಬೆಲೆ ಕಡಿಮೆ. ಆದರೆ ಆರ್‌ಸಿ ಮಾರುವವನ ಅಜ್ಜನ ಹೆಸರಿನಲ್ಲಿದೆ, ಅಜ್ಜ ಇಲ್ಲ, ವಾರಸುದಾರರು ಐವರು. ಐವರ ಒಪ್ಪಿಗೆ ಪತ್ರ ಕೈಗೆ ಬರುವವರೆಗೆ ಅಡ್ವಾನ್ಸ್ ಕೊಡಬೇಡ ಎಂದಿದ್ದೇನೆ. ನಾಲ್ವರು ಸಹಿ ಹಾಕಿದ್ದಾರಂತೆ. ಐದನೆಯವರು ಸಿಂಧನೂರಿನಲ್ಲಿ ಭತ್ತದ ಕೊಯ್ಲು ಮುಗಿಯಲಿ, ಆಮೇಲೆ ಮಾತಾಡೋಣ ಅಂದಿದ್ದಾರೆ.